ಬೆಳಗಾವಿಯ ಅನ್‌ಲಾಕ್: ಕೊಲ್ಹಾಪುರದಿಂದ ಒಂದು ತಕರಾರು

ಕೊರೊನಾ ಎರಡನೇ ಅಲೆ ಇಳಿಯತೊಡಗಿದ 2021ರ ಜೂನ್‌ನಲ್ಲಿ ಕೊಲ್ಹಾಪುರ, ಬೆಳಗಾವಿ ಎರಡೂ ಕಡೆ ಅಂಗಡಿ ತೆರೆಯುವ ಆದೇಶಗಳು ಒಂದರ ಹಿಂದೊಂದು ಬಂದವು. ನಡುವೆ ನೂರು ಚಿಲ್ಲರೆ ಕಿಲೋಮೀಟರು, ಒಂದೇ ಹೆದ್ದಾರಿ. ಕೊಟ್ಟು ತರುವ ಸಂಬಂಧ, ಕಬ್ಬು, ಹಾಲು, ಆಸ್ಪತ್ರೆ ಎಲ್ಲವೂ ಅತ್ತಿಂದಿತ್ತ ಓಡಾಡುವ ಪ್ರದೇಶ ಇದು. ಆದರೂ ಬಾಗಿಲು ತೆಗೆದ ರೀತಿ ಒಂದೇ ಆಗಿರಲಿಲ್ಲ. ಕೊಲ್ಹಾಪುರದಲ್ಲಿ ಇದ್ದುಕೊಂಡು ಎರಡೂ ಕಡೆಯ ಆದೇಶ ಓದಿದ ಬೆಳಗಾವಿ ಜಿಲ್ಲೆಯವನಾಗಿ ನನ್ನ ತಕರಾರು ಇಷ್ಟು: ದುಡಿದು ತಿನ್ನುವ ಮಂದಿ ಇರುವಲ್ಲಿ ತೆರೆಯಲೇಬೇಕು, ಅದಕ್ಕೆ ಯಾರ ಆಕ್ಷೇಪಣೆಯೂ ಇರಲಾರದು. ಆದರೆ ಬೆಳಗಾವಿಯಲ್ಲಿ ಯಾವ ಅಂಕಿ ಮುಟ್ಟಿದರೆ ಮತ್ತೆ ಮುಚ್ಚುತ್ತೇವೆ ಅನ್ನುವುದನ್ನು ಬರೆಯದೆ ತೆರೆದರಲ್ಲ, ಅದು ತಪ್ಪು. ಹಳೇ ಮಾತು ಈಗ್ಯಾಕೆ ಅಂದರೆ, ಆ ಆದೇಶಗಳ ನಮೂನೆ ಫೈಲಿನಲ್ಲಿ ಹಾಗೇ ಕೂತಿರುತ್ತದೆ. ಮುಂದಿನ ಸಲ ತಾರೀಖು ತಿದ್ದಿ ಅದನ್ನೇ ಹೊರಡಿಸುವುದು ನಮ್ಮ ಕಚೇರಿಗಳ ರೂಢಿ.

ಮೊದಲು ಬೆಳಗಾವಿಯ ಕತೆ. ರಾಜ್ಯ ಸರ್ಕಾರ ಜೂನ್ 14ರಿಂದ ಅನ್‌ಲಾಕ್ ಶುರುಮಾಡಿದಾಗ ಪಾಸಿಟಿವಿಟಿ ದರ ಜಾಸ್ತಿ ಇದೆ ಎಂದು 11 ಜಿಲ್ಲೆಗಳನ್ನು ಹೊರಗಿಟ್ಟಿತು. ಬೆಳಗಾವಿ ಅದರಲ್ಲಿತ್ತು, ಬಾಗಲಕೋಟೆ, ವಿಜಯಪುರ ಇರಲಿಲ್ಲ. ಒಂದೇ ವಾರ ಕಳೆದು ಜೂನ್ 21ರ ಹಂತಕ್ಕೆ ಶೇ 5ಕ್ಕಿಂತ ಕಡಿಮೆ ದರದ 16 ಜಿಲ್ಲೆಗಳ ಪಟ್ಟಿ ಬಂತು. ಅದರಲ್ಲಿ ಬೆಳಗಾವಿ, ಬಾಗಲಕೋಟೆ ಎರಡೂ ಇದ್ದವು, ವಿಜಯಪುರ ಇರಲಿಲ್ಲ. ಕೊನೇ ಬೆಂಚಿನ ಹುಡುಗ ಒಂದು ವಾರದಲ್ಲಿ ಮೊದಲನೇ ಬೆಂಚಿಗೆ ಬಂದರೆ ಮಾಸ್ತರರು ಉತ್ತರಪತ್ರಿಕೆ ತರಿಸಿ ನೋಡುತ್ತಾರೆ. ಇಲ್ಲಿ ಯಾರೂ ತರಿಸಿ ನೋಡಲಿಲ್ಲ. ಮುಂಜಾನೆ 10ಕ್ಕೆ ಬಂದ್ ಆಗುತ್ತಿದ್ದ ಪೇಟೆ ಸಂಜೆ 5ರವರೆಗೆ ತೆರೆಯಿತು.

ಸೋಂಕು ನಿಜವಾಗಿ ವೇಗವಾಗಿ ಇಳಿದಿರಬಹುದು. ಆ ತಿಂಗಳು ರಾಜ್ಯವಿಡೀ ಇಳಿಯುತ್ತಿತ್ತು. ಪ್ರಶ್ನೆ ಇರುವುದು ಅಳತೆಯಲ್ಲಿ. ಪಾಸಿಟಿವಿಟಿ ದರ ಅಂದರೆ ಪರೀಕ್ಷೆ ಮಾಡಿದ ನೂರರಲ್ಲಿ ಎಷ್ಟು ಪಾಸಿಟಿವ್ ಅನ್ನುವ ಲೆಕ್ಕ. ರೋಗಿ ಒಬ್ಬನೂ ಕಡಿಮೆಯಾಗದೆ ಈ ದರ ಇಳಿಯಬಲ್ಲದು. ಜ್ವರ-ಕೆಮ್ಮು ಇದ್ದ 1,000 ಜನರಿಗೆ ಆರ್‌ಟಿ-ಪಿಸಿಆರ್ ಮಾಡಿ 150 ಪಾಸಿಟಿವ್ ಬಂದರೆ ದರ ಶೇ 15. ಅದೇ ವಾರ ಬಸ್‌ಸ್ಟ್ಯಾಂಡು, ಚೆಕ್‌ಪೋಸ್ಟುಗಳಲ್ಲಿ ಹೋಗಿಬರುವ 2,500 ಜನರಿಗೆ, ಅಲ್ಲೇ ಫಲಿತಾಂಶ ಕೊಡುವ ರ್‍ಯಾಪಿಡ್ ಆಂಟಿಜೆನ್ ಪರೀಕ್ಷೆ ಮಾಡಿ ಹತ್ತು ಪಾಸಿಟಿವ್ ಸಿಕ್ಕವು ಅನ್ನಿ. ಒಟ್ಟು 3,500ಕ್ಕೆ 160. ದರ ಶೇ 4.6ಕ್ಕೆ ಬಂತು, ಜಿಲ್ಲೆ ‘ಪಾಸ್’. ಹೀಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಹೀಗೆ ಆಗಿಲ್ಲ ಅಂತ ಓದುವವನಿಗೆ ಖಾತ್ರಿಯಾಗುವಂಥದ್ದು ಆದೇಶದಲ್ಲಿ ಏನೂ ಇರಲಿಲ್ಲ, ಅಷ್ಟೇ. ಆಂಟಿಜೆನ್ ಕಿಟ್‌ಗೆ 2020ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಾಗಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅದರ ಸೂಕ್ಷ್ಮತೆ ಶೇ 50.6ರಿಂದ 84 ಎಂದು ಹೇಳಿತ್ತು. ಅಂದರೆ ಕೆಟ್ಟ ಸಂದರ್ಭದಲ್ಲಿ ಇಬ್ಬರು ಸೋಂಕಿತರಲ್ಲಿ ಒಬ್ಬ ‘ನೆಗೆಟಿವ್’ ಚೀಟಿ ಹಿಡಿದು ಸಂತೆಗೆ ಹೋಗಬಹುದು.

ಈಗ ಕೊಲ್ಹಾಪುರದ ಕಡೆ. ಮಹಾರಾಷ್ಟ್ರ ಜೂನ್ 4ರಂದು ಹೊರಡಿಸಿದ ಆದೇಶದಲ್ಲಿ ಐದು ಮಟ್ಟಗಳಿದ್ದವು, ಜೂನ್ 7ರಿಂದ ಜಾರಿ. ದರ ಶೇ 5ರೊಳಗೆ, ಆಕ್ಸಿಜನ್ ಹಾಸಿಗೆ ಶೇ 25ರೊಳಗೆ ಭರ್ತಿ ಇದ್ದರೆ ಒಂದನೇ ಮಟ್ಟ. ದರ ಅಷ್ಟೇ ಇದ್ದು ಹಾಸಿಗೆ 25ರಿಂದ 40 ತುಂಬಿದ್ದರೆ ಎರಡನೆಯದು. ದರ 5ರಿಂದ 10 ಅಥವಾ ಹಾಸಿಗೆ 40 ದಾಟಿದ್ದರೆ ಮೂರನೆಯದು. ದರ 10ರಿಂದ 20 ಅಥವಾ ಹಾಸಿಗೆ 60 ಮೀರಿದರೆ ನಾಲ್ಕು. 20 ಅಥವಾ 75 ಮೀರಿದರೆ ಐದು. ಆರೋಗ್ಯ ಇಲಾಖೆ ಪ್ರತಿ ಗುರುವಾರ ಅಂಕಿ ಹೊರಗೆ ಹಾಕಬೇಕು, ಜಿಲ್ಲಾಡಳಿತ ಅದನ್ನು ನೋಡಿ ಮಟ್ಟ ಹೇಳಬೇಕು, ಸೋಮವಾರದಿಂದ ಜಾರಿ. ಯಾವ ಮಟ್ಟಕ್ಕೆ ಯಾವ ಅಂಗಡಿ ಎಷ್ಟು ಹೊತ್ತು ಅನ್ನುವುದೂ ಅದೇ ಆದೇಶದಲ್ಲಿತ್ತು. ಕೊಲ್ಹಾಪುರ ನಾಲ್ಕನೇ ಮಟ್ಟದಲ್ಲಿ ಸಿಕ್ಕಿಕೊಂಡಾಗ ಅರಿವೆ ಅಂಗಡಿಯವನಿಗೂ ಯಾಕೆ ಅನ್ನುವುದು ಗೊತ್ತಿತ್ತು. ಎಷ್ಟು ಇಳಿದರೆ ತನ್ನ ಶಟರ್ ಮೇಲೇಳುತ್ತದೆ ಅನ್ನುವುದೂ ಗೊತ್ತಿತ್ತು.

ಹಾಗಂತ ಅಲ್ಲಿ ಎಲ್ಲ ಸರಿ ಇತ್ತು ಅಂತಲ್ಲ. ವಾರಕ್ಕೊಮ್ಮೆ ಮಟ್ಟ ಬದಲಿಸುವುದೇ ಒಂದು ದೋಷ. ಸೋಂಕು ತಗುಲಿ ಲಕ್ಷಣ ಕಾಣಲು ಸುಮಾರು ಐದು ದಿನ, ಪರೀಕ್ಷೆ ಮಾಡಿಸಿ ವರದಿ ಕೈಗೆ ಬರಲು ಮತ್ತೆರಡು ಮೂರು ದಿನ, ಉಸಿರು ಕಟ್ಟಿ ಆಕ್ಸಿಜನ್ ಬೇಕಾಗುವುದು ಲಕ್ಷಣ ಕಂಡು ವಾರ ಕಳೆದ ಮೇಲೆ. ಸೋಮವಾರ ತೆರೆದ ಪೇಟೆಯ ಫಲ ಅದೇ ವಾರದ ಗುರುವಾರದ ಅಂಕಿಯಲ್ಲಿ ಕಾಣುವುದೇ ಇಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇನಲ್ಲೇ ಶೇ 5ರೊಳಗೆ ಸತತ ಎರಡು ವಾರ ಇರಬೇಕು ಅಂದಿದ್ದು. ಆರಂಭದಲ್ಲಿ ಆ ಮಾತನ್ನು ಎರಡೂ ರಾಜ್ಯ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಲ್ಹಾಪುರದಲ್ಲಿ ಇನ್ನೊಂದು ತೊಡಕಿತ್ತು: ನಗರ ಮತ್ತು ಹಳ್ಳಿಗಳಿಗೆ ಒಂದೇ ಲೆಕ್ಕ. ಹಳ್ಳಿಯ ಅಂಕಿಗೆ ನಮ್ಮ ಅಂಗಡಿ ಯಾಕೆ ಮುಚ್ಚಬೇಕು ಎಂದು ವ್ಯಾಪಾರಿಗಳು ಬೀದಿಗಿಳಿದರು. ಆದರೆ ಬೀದಿಗಿಳಿದು ವಾದಿಸಲಿಕ್ಕೆ ಅವರ ಕೈಯಲ್ಲಿ ಒಂದು ಅಂಕಿಯಾದರೂ ಇತ್ತು. ಜೂನ್ 25ರಂದು ಸರ್ಕಾರ ನಿಯಮವನ್ನೇ ಬಿಗಿ ಮಾಡಿ, ಇನ್ನು ಮುಂದೆ ಆರ್‌ಟಿ-ಪಿಸಿಆರ್ ಲೆಕ್ಕ ಮಾತ್ರ, ಆಂಟಿಜೆನ್ ಬೇಡ, ಯಾವ ಜಿಲ್ಲೆಯೂ ಮೂರನೇ ಮಟ್ಟಕ್ಕಿಂತ ಸಡಿಲ ಆಗಬಾರದು ಅಂದಿತು. ವೈರಸ್ಸಿನ ಹೊಸ ತಳಿ ಡೆಲ್ಟಾ ಪ್ಲಸ್‌ನ ಹೆದರಿಕೆ ಅದಕ್ಕೆ ಕಾರಣ. ಹೆದರಿಕೆ ಅತಿಯಾಗಿತ್ತೋ ಏನೋ; ಆದರೆ ಆಂಟಿಜೆನ್ ತೆಗೆದುಹಾಕಿದ್ದು ಸರಿ.

ನಮ್ಮಲ್ಲಿ ಹಾಸಿಗೆಯ ಲೆಕ್ಕ ಯಾಕೆ ಬಿಟ್ಟರು ಅನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಕೇಂದ್ರ ಗೃಹ ಇಲಾಖೆ 2021ರ ಏಪ್ರಿಲ್ 29ರ ಆದೇಶದಲ್ಲಿ, ವಾರದ ದರ ಶೇ 10 ಅಥವಾ ಆಕ್ಸಿಜನ್-ಐಸಿಯು ಹಾಸಿಗೆ ಶೇ 60 ತುಂಬಿದ ಕಡೆ ನಿರ್ಬಂಧ ಹಾಕಿ ಎಂದು ಎರಡನ್ನೂ ಜೋಡಿಸಿಯೇ ಹೇಳಿತ್ತು. ಜೂನ್‌ನಲ್ಲಿ ಕರ್ನಾಟಕ ಜಿಲ್ಲೆಗಳನ್ನು ವಿಂಗಡಿಸಿದ್ದು ಪಾಸಿಟಿವಿಟಿ ದರವೊಂದನ್ನೇ ಹಿಡಿದು. ಪರೀಕ್ಷೆಯ ಸಂಖ್ಯೆ ಏರಿಳಿಸಬಹುದು. ಆಕ್ಸಿಜನ್ ಪೈಪು ಹಿಡಿದು ಮಲಗಿದವನನ್ನು ಲೆಕ್ಕದಿಂದ ತೆಗೆಯುವುದು ಕಷ್ಟ.

ಗಡಿಯಾರ ನೋಡಿ ತೆರೆಯುವ ಪದ್ಧತಿಗೆ ಬರೋಣ. ಏಪ್ರಿಲ್ 27ರಿಂದ ನಮ್ಮಲ್ಲಿ ಖರೀದಿಗೆ ಮುಂಜಾನೆ 6ರಿಂದ 10. ಮಹಾರಾಷ್ಟ್ರದ ಮೂರು, ನಾಲ್ಕನೇ ಮಟ್ಟದಲ್ಲೂ ಅಗತ್ಯ ವಸ್ತುಗಳಿಗೆ ಮಧ್ಯಾಹ್ನ 4ರವರೆಗೆ ಅವಕಾಶ ಇತ್ತು. ಒಂದು ಪೇಟೆಗೆ ಹನ್ನೆರಡು ತಾಸಿನಲ್ಲಿ 6,000 ಜನ ಬರುತ್ತಾರೆ ಅನ್ನಿ, ತಾಸಿಗೆ 500. ಹೆದರಿ ಅರ್ಧ ಮಂದಿ ಮನೆಯಲ್ಲೇ ಉಳಿದರೂ 3,000 ಜನ ನಾಲ್ಕು ತಾಸಿನಲ್ಲಿ ಬರಬೇಕು, ತಾಸಿಗೆ 750. ಮಂದಿ ಅರ್ಧಕ್ಕೆ ಇಳಿದು ದಟ್ಟಣೆ ಒಂದೂವರೆ ಪಟ್ಟು ಏರಿತು. ಖಡೇಬಜಾರ, ಗಣಪತಿ ಗಲ್ಲಿ, ರವಿವಾರ ಪೇಟೆಯ ಅಗಲ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಒಂಬತ್ತೂವರೆಗೆ ಪೊಲೀಸರ ಸೀಟಿ ಶುರು, ಆ ಅರ್ಧ ತಾಸು ಎಲ್ಲರೂ ಒಬ್ಬರ ಮೈಮೇಲೆ ಒಬ್ಬರು. ಸರತಿಗೆಂದು ಸುಣ್ಣದಲ್ಲಿ ಎಳೆದ ವೃತ್ತ ಯಾರ ಕಾಲಡಿ ಇದೆ ಅಂತ ನೋಡುವಷ್ಟು ವ್ಯವಧಾನ ಯಾರಿಗೂ ಇಲ್ಲ. ದಟ್ಟಣೆ ಇಳಿಯಬೇಕಾದರೆ ಅವಧಿ ಉದ್ದ ಮಾಡಬೇಕು, ಒಂದು ಹೊತ್ತಿಗೆ ಒಳಗಿರುವ ತಲೆ ಎಷ್ಟು ಅನ್ನುವುದಕ್ಕೆ ಮಿತಿ ಹಾಕಬೇಕು. ನಾವು ಮಾಡಿದ್ದು ತಿರುಗಾಮುರುಗಾ.

ಗಾಳಿಯ ವಿಷಯವಂತೂ ಕೇಳಬೇಡಿ. ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 2021ರ ಮೇ 20ರಂದೇ ಸಲಹೆ ಹೊರಡಿಸಿ, ದೊಡ್ಡ ಹನಿ ಎರಡು ಮೀಟರಿನೊಳಗೆ ಬೀಳುತ್ತವೆ, ಸಣ್ಣ ತುಂತುರು ಗಾಳಿಯಲ್ಲಿ ಹತ್ತು ಮೀಟರಿನವರೆಗೂ ಹೋಗಬಲ್ಲದು, ಕಿಟಕಿ-ಬಾಗಿಲು ತೆಗೆಯಿರಿ, ಎಗ್ಸಾಸ್ಟ್ ಫ್ಯಾನ್ ಹಾಕಿ ಎಂದಿತ್ತು. ಹಳೇ ಪೇಟೆಯ ಅರಿವೆ ಅಂಗಡಿ ಹೇಗಿರುತ್ತದೆ? ಅಗಲ ಹತ್ತು ಅಡಿ, ಆಳ ನಲವತ್ತು, ಮುಂದೆ ಒಂದು ಶಟರ್, ಹಿಂದೆ ಗೋಡೆ, ಗೋಡೆಗೆ ತಾಗಿ ಥಾನುಗಳ ರಾಶಿ. ಶಟರ್ ಹತ್ತಿರ ಬೀಸುವ ಟೇಬಲ್ ಫ್ಯಾನು ಹೊರಗಿನ ಧೂಳನ್ನು ಒಳಗೆ ತಳ್ಳುತ್ತದೆ, ಒಳಗಿನ ಗಾಳಿ ಅಲ್ಲೇ ಸುತ್ತುತ್ತದೆ. ಇಂಥ ಅಂಗಡಿಗೆ ಬೇಕಿದ್ದದ್ದು ಹಿಂಗೋಡೆಯ ಮೇಲ್ಭಾಗದಲ್ಲಿ ಹೊರಮುಖವಾಗಿ ತಿರುಗುವ ಫ್ಯಾನು, ಅಥವಾ ಕೌಂಟರನ್ನು ಶಟರಿನ ಗೆರೆಗೆ ತಂದು ಗಿರಾಕಿಯನ್ನು ಹೊರಗೇ ನಿಲ್ಲಿಸುವುದು. ಸಿಕ್ಕಿದ್ದು ಸ್ಯಾನಿಟೈಸರ್ ಬಾಟಲಿ, ಹಣೆಗೆ ಹಿಡಿಯುವ ಥರ್ಮಲ್ ಗನ್. ಲಕ್ಷಣವೇ ಇಲ್ಲದವನ ಹಣೆ ಬಿಸಿ ಇರುವುದಿಲ್ಲ. ಲಕ್ಷಣ ಬರುವ ಮೊದಲ ಒಂದೆರಡು ದಿನದಲ್ಲೂ ಇರುವುದಿಲ್ಲ, ಆತ ಅಂಟಿಸುವುದು ಆವಾಗಲೇ. ಜೂನ್ 21ರ ನಿಯಮದಲ್ಲಿ ಜಿಮ್‌ಗಳಿಗೆ ಎ.ಸಿ. ಹಾಕಬೇಡಿ ಎಂಬ ಷರತ್ತಿತ್ತು. ಅಂದರೆ ವಿಷಯ ತಿಳಿದವರು ಒಳಗೆ ಇದ್ದರು, ಅವರ ಮಾತು ಅರಿವೆ ಅಂಗಡಿಯವರೆಗೆ ಬರಲಿಲ್ಲ.

ಬಾಗಲಕೋಟೆ ಜಿಲ್ಲೆಗೆ ಬಂದರೆ ತೊಂದರೆ ಬೇರೆ ತರಹ. ರಬಕವಿ-ಬನಹಟ್ಟಿ, ಇಳಕಲ್ಲ, ಗುಳೇದಗುಡ್ಡದಲ್ಲಿ ‘ಮಗ್ಗ ಚಾಲೂ ಮಾಡ್ರಿ’ ಅಂದರೆ ಮಗ್ಗ ಚಾಲೂ ಆಗುವುದಿಲ್ಲ. ನೂಲು ಬರಬೇಕು, ಬಣ್ಣ ಹಾಕುವವರು ಕೆಲಸ ಹಿಡಿಯಬೇಕು, ಹಾಸು ಹಾಕಿಕೊಡುವವರು ಸಿಗಬೇಕು, ನೇಯ್ದ ಸೀರೆ ಎತ್ತಿಕೊಳ್ಳುವ ಸಾವಕಾರನ ಅಂಗಡಿ ತೆರೆದಿರಬೇಕು. ಈ ಸರಪಳಿಯಲ್ಲಿ ಉತ್ಪಾದನೆಗೆ ಒಪ್ಪಿಗೆ, ಸೀರೆ ಅಂಗಡಿಗೆ ಬೀಗ ಅಂದರೆ ಸೀರೆಯೆಣಿಕೆಯ ಮೇಲೆ ಕೂಲಿ ಪಡೆಯುವ ನೇಕಾರನಿಗೆ ಏನು ಉಳಿಯಿತು? ಮದುವೆ ಸೀಜನ್ನಿನ ಮಾಲು ಮನೆಯಲ್ಲೇ ಕೊಳೆಯಿತು. ಬನಹಟ್ಟಿಯ ಮಗ್ಗಕ್ಕೂ ಇಚಲಕರಂಜಿಯ ಪೇಟೆಗೂ ಹಳೇ ನಂಟು. ಆ ಊರು ಕೊಲ್ಹಾಪುರ ಜಿಲ್ಲೆಯಲ್ಲಿ, ನಾಲ್ಕನೇ ಮಟ್ಟದಲ್ಲಿ. ಈ ಕಡೆ ತೆರೆದದ್ದು ಆ ಕಡೆ ಮುಚ್ಚಿದ್ದರಿಂದ ಅರ್ಧ ವ್ಯರ್ಥ. ಆದೇಶ ಬರೆಯುವವರು ಒಂದು ಸೀರೆ ಎಲ್ಲಿ ಶುರುವಾಗಿ ಎಲ್ಲಿ ಮಾರಾಟ ಆಗುತ್ತದೆ ಅಂತ ಒಬ್ಬ ನೇಕಾರನನ್ನು ಕೂರಿಸಿಕೊಂಡು ಕೇಳಿದ್ದರೆ ಸಾಕಿತ್ತು.

ಕೇಳಬೇಕಾದವರು ಇರಲಿಲ್ಲ ಅನ್ನುವುದೇ ನನ್ನ ದೊಡ್ಡ ತಕರಾರು. ಬೆಳಗಾವಿ ಮಹಾನಗರ ಪಾಲಿಕೆಯ ಚುನಾಯಿತ ಅವಧಿ 2019ರಲ್ಲೇ ಮುಗಿದಿತ್ತು. 58 ವಾರ್ಡುಗಳಿಗೆ ಮತದಾನ ಆದದ್ದು 2021ರ ಸೆಪ್ಟೆಂಬರ್ 3ರಂದು, ಎರಡು ಅಲೆ ಹೋದ ಮೇಲೆ. ವಿಜಯಪುರ ಪಾಲಿಕೆಗೆ 2022ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. 2018ರಲ್ಲಿ ಆಯ್ಕೆಯಾದ ಎಷ್ಟೋ ನಗರಸಭೆ, ಪುರಸಭೆಗಳಿಗೆ ಮೀಸಲಾತಿ ವ್ಯಾಜ್ಯದಿಂದಾಗಿ ಅಧ್ಯಕ್ಷರು ಬಂದದ್ದು 2020ರ ಕೊನೆಗೆ. ಗ್ರಾಮ ಪಂಚಾಯಿತಿಗಳಿಗೂ ಆ ವರ್ಷದ ಡಿಸೆಂಬರ್ ಚುನಾವಣೆಯವರೆಗೆ ಆಡಳಿತಾಧಿಕಾರಿ. ವಿಪತ್ತು ನಿರ್ವಹಣಾ ಕಾಯ್ದೆ 2005ರ 25ನೇ ಸೆಕ್ಷನ್ ನೋಡಿ: ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ ಸಹ-ಅಧ್ಯಕ್ಷರು. ಜಿಲ್ಲಾ ಪಂಚಾಯಿತಿಗಳ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು, ಚುನಾವಣೆ ನಡೆಯಲಿಲ್ಲ. ಜೂನ್‌ನಲ್ಲಿ ತೆರೆಯುವ ನಿರ್ಧಾರ ಆಗುವಾಗ ಆ ಸಹ-ಅಧ್ಯಕ್ಷರ ಕುರ್ಚಿಗೆ ಜನರಿಂದ ಆರಿಸಿ ಬಂದವರು ಯಾರು? ಕೊಲ್ಹಾಪುರ ಪಾಲಿಕೆಯೂ 2020ರ ನವೆಂಬರ್‌ನಿಂದ ಆಡಳಿತಾಧಿಕಾರಿಯ ಕೈಯಲ್ಲೇ ಇತ್ತು, ಆ ಮಟ್ಟಿಗೆ ಅಲ್ಲಿಯವರು ಮೆರೆಯುವ ಹಾಗಿಲ್ಲ.

ಹಾಗಾದರೆ ಸೋಂಕಿನ ನಡುವೆ ಚುನಾವಣೆ ಹೇಗೆ ಮಾಡುವುದು ಅನ್ನುತ್ತೀರಾ? ಸುರೇಶ ಅಂಗಡಿಯವರು 2020ರ ಸೆಪ್ಟೆಂಬರ್ 23ರಂದು ಕೋವಿಡ್‌ನಿಂದಲೇ ತೀರಿಕೊಂಡು ತೆರವಾದ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ 2021ರ ಏಪ್ರಿಲ್ 17ರಂದು ಉಪಚುನಾವಣೆ ಆಯಿತು, ಎರಡನೇ ಅಲೆ ಏರುತ್ತಿರುವಾಗ, ಸಭೆ-ರೋಡ್‌ಶೋಗಳ ಸಮೇತ. ಹತ್ತು ದಿನಕ್ಕೆ ಅದೇ ಮತದಾರರಿಗೆ ಕಾಯಿಪಲ್ಲೆ ತರಲು ನಾಲ್ಕು ತಾಸು ಗೊತ್ತುಮಾಡಿದರು.

ಜಿಲ್ಲಾಡಳಿತ ಸ್ವಂತ ಬುದ್ಧಿ ಓಡಿಸಿದಾಗ ಕೆಲಸ ಚೆನ್ನಾಗಿಯೇ ಆಗಿದೆ, ಅದನ್ನೂ ಹೇಳಬೇಕು. 2020ರ ಜೂನ್ 8ರಿಂದ ರಾಜ್ಯದ ದೇವಸ್ಥಾನಗಳು ತೆರೆದರೂ ಸವದತ್ತಿ ಯಲ್ಲಮ್ಮನ ಗುಡ್ಡವನ್ನು 2021ರ ಆರಂಭದವರೆಗೆ ಭಕ್ತರಿಗೆ ತೆರೆಯಲಿಲ್ಲ. ಹುಣ್ಣಿಮೆಗೆ ಬರುವ ಮಂದಿ ಎಲ್ಲಿಯವರು, ಯಾವ ರಸ್ತೆಯಿಂದ ಬರುತ್ತಾರೆ, ಎಷ್ಟು ದಿನ ಬೀಡುಬಿಡುತ್ತಾರೆ ಅನ್ನುವುದು ಇಲ್ಲಿಯವರಿಗೆ ಗೊತ್ತಿತ್ತು. ಮಹಾರಾಷ್ಟ್ರದಿಂದ ಬರುವ ಭಕ್ತರನ್ನು ಗಡಿಯ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಚೀಟಿ ನೋಡಿ ತಡೆಯುವುದಕ್ಕಿಂತ ಗುಡ್ಡದ ಬಾಗಿಲು ಹಾಕಿದ್ದು ಹೆಚ್ಚು ಫಲ ಕೊಟ್ಟಿತು ಅಂತ ನನ್ನ ಅಂದಾಜು. ಚೆಕ್‌ಪೋಸ್ಟ್ ತಪ್ಪಿಸುವ ಹೊಲದ ದಾರಿ ನಿಪ್ಪಾಣಿ ಸುತ್ತ ಹತ್ತಾರಿವೆ.

ಹಾಗಾಗಿ ಮುಂದಿನ ಸಲಕ್ಕೆ ಲೆಕ್ಕ ತಾಲೂಕುವಾರು ಬೇಕು. ಖಾನಾಪುರದ ಕಾಡಂಚಿಗೂ ಅಥಣಿಯ ಬಯಲಿಗೂ ಒಂದೇ ದರ ಬರೆದರೆ ಅದು ಎರಡು ಊರಿನದೂ ಅಲ್ಲ. ಆರ್‌ಟಿ-ಪಿಸಿಆರ್ ಎಷ್ಟು, ಆಂಟಿಜೆನ್ ಎಷ್ಟು, ಎರಡರಲ್ಲೂ ಪಾಸಿಟಿವ್ ಎಷ್ಟು, ಆಕ್ಸಿಜನ್ ಹಾಸಿಗೆ ಒಟ್ಟು ಎಷ್ಟು, ಭರ್ತಿ ಎಷ್ಟು ಅನ್ನುವುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಗಡಿ ತಾಲೂಕುಗಳಲ್ಲಿ ಮರಾಠಿಯಲ್ಲೂ ಬರೆದು ಪಂಚಾಯಿತಿ, ಪಾಲಿಕೆ ಕಟ್ಟೆಯ ಮೇಲೆ ವಾರಕ್ಕೊಮ್ಮೆ ಅಂಟಿಸಬೇಕು. ತೆರೆಯಲು ಎರಡು ವಾರದ ಅಂಕಿ, ಮುಚ್ಚಲು ಒಂದೇ ವಾರದ್ದು ಸಾಕು ಎಂದು ಮೊದಲೇ ಬರೆದಿಡಬೇಕು. ಹಾಸಿಗೆ ಲೆಕ್ಕದಲ್ಲಿ ಗಡಿಯಾಚೆಯ ಆಸ್ಪತ್ರೆಗಳೂ ಸೇರಬೇಕು: ಅಥಣಿ, ಕಾಗವಾಡದ ರೋಗಿ ಹೋಗುವುದು ಸಾಂಗ್ಲಿ ಜಿಲ್ಲೆಯ ಮೀರಜಿಗೆ, ನಿಪ್ಪಾಣಿಯವನು ಕೊಲ್ಹಾಪುರಕ್ಕೆ, ಇಂಡಿ, ಚಡಚಣದವನು ಸೋಲಾಪುರಕ್ಕೆ. ಆ ಊರುಗಳ ಗುರುವಾರದ ಅಂಕಿ ಶುಕ್ರವಾರ ಮುಂಜಾನೆ ಬೆಳಗಾವಿ, ವಿಜಯಪುರದ ಜಿಲ್ಲಾಧಿಕಾರಿ ಕಚೇರಿಗೆ ಬರುವಂತೆ ಐದು ಜಿಲ್ಲೆಗಳವರು ಈಗಲೇ ಕೂತು ಒಪ್ಪಂದ ಬರೆದುಕೊಳ್ಳಬಹುದು, ಅದಕ್ಕೆ ಇನ್ನೊಂದು ಸಾಂಕ್ರಾಮಿಕ ಬರುವ ತನಕ ಕಾಯುವ ಕಾರಣವಿಲ್ಲ.