ಆರುನೂರು ರೂಪಾಯಿ ಮತ್ತು ಒಂದು ದಿನ

ಇವತ್ತು ಬೆಳಗ್ಗೆ ಗೊಬ್ಬರಕ್ಕೆ ಅಂತ ನಮ್ಮೂರ ಸಹಕಾರ ಸಂಘದ ಸೊಸೈಟಿಗೆ ಹೋಗಿದ್ದೆ, ಗೊಬ್ಬರ ತಗೊಳ್ದೇ ವಾಪಸ್ ಬಂದೆ. ಹೊಟ್ಟೆ ಉರೀತಾ ಇದೆ, ಅದಕ್ಕೇ ಬರೀತಾ ಇದೀನಿ, ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮುಂದೆ ಕ್ಯೂನಲ್ಲಿ ಒಬ್ರು ಅಕ್ಕ ನಿಂತಿದ್ರು. ಒಂದು ಎಕರೆಗೂ ಕಮ್ಮಿ ರೊಬಸ್ಟಾ ಕಾಫಿ ತೋಟ, ಉಳಿದ ದಿನ ಬೇರೆಯವರ ತೋಟಕ್ಕೆ ಕೂಲಿಗೆ ಹೋಗ್ತಾರೆ. ಯಶಸ್ವಿನಿ, ಅಂದ್ರೆ ಸಹಕಾರ ಸಂಘದ ಸದಸ್ಯರಿಗೆ ಇರೋ ಸರ್ಕಾರದ ಆರೋಗ್ಯ ವಿಮೆ, ಅದರ ಕಾರ್ಡ್ ರಿನ್ಯೂವಲ್‌ಗೆ ಬಂದಿದ್ರು. ಮನೇಲಿ ಐದು ಜನ, ನಾಲ್ಕು ಜನಕ್ಕೆ 500, ಐದನೆಯವರಿಗೆ 100, ಒಟ್ಟು 600 ರೂಪಾಯಿ. ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ಟಿದ್ದ ನೋಟು ತೆಗೆದು ಕೌಂಟರ್ ಮೇಲೆ ಇಟ್ರು. ಕ್ಲರ್ಕ್ ನೋಡ್ಲೂ ಇಲ್ಲ, 'ನಿನ್ನೆಗೇ ಮುಗೀತು ಅಕ್ಕ' ಅಂದ್ರು. 'ನಿನ್ನೆ ಕೂಲಿ ಬಟವಾಡೆ ಸಾಯಂಕಾಲ ಆಯ್ತು, ಅಷ್ಟೊತ್ತಿಗೆ ನೀವು ಬಾಗಿಲು ಹಾಕಿದ್ರಿ, ಎಂತ ಮಾಡೋದು' ಅಂತ ಅವ್ರು ಮೆಲ್ಲಗೆ ಹೇಳಿದ್ರು. ಅಷ್ಟರಲ್ಲಿ ಹಿಂದಿನಿಂದ ಒಬ್ರು, ಹೆಸರು ಹೇಳಲ್ಲ, ಹತ್ತು ಎಕರೆ ತೋಟ ಇರೋರು, 'ಮೊಬೈಲ್ ರೀಚಾರ್ಜ್ ಮಾಡೋಕೆ ದುಡ್ಡು ಇರುತ್ತೆ, ಇದಕ್ಕೆ ಇರಲ್ಲ' ಅಂದುಬಿಟ್ರು. ಆ ಅಕ್ಕನ ಮುಖ ನೋಡೋಕಾಗ್ಲಿಲ್ಲ ನಂಗೆ. ಅವ್ರ ಕೈಲಿದ್ದಿದ್ದು ಬಟನ್ ಫೋನು.

ನಾನು ಕೇಳೋದು ಇಷ್ಟೇ. ಸಮಸ್ಯೆ 600 ರೂಪಾಯಿದಲ್ಲ, ಆ 600 ಯಾವತ್ತು ಕೈಗೆ ಬರುತ್ತೆ ಅನ್ನೋದು. ನಮ್ಮ ಕೊಡಗಿನಲ್ಲಿ ದುಡ್ಡು ವರ್ಷಕ್ಕೊಂದು ಸಲ ಬರೋದು. ರೊಬಸ್ಟಾ ಕುಯ್ಲು ಶುರುವಾಗೋದೇ ಜನವರಿ ಹೊತ್ತಿಗೆ, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ, ಮಾರಿ ಕೈಗೆ ಕಾಸು ಬರುವಾಗ ಫೆಬ್ರವರಿ ಮಾರ್ಚ್. ಯಶಸ್ವಿನಿಗೆ ಡಿಸೆಂಬರ್ ಕೊನೆ ಅಂತಾರೆ, ಆಮೇಲೆ ಕೆಲವು ವರ್ಷ ದಿನಾಂಕ ಮುಂದೆ ಹಾಕ್ತಾರೆ, ಹಾಕ್ತಾರೋ ಇಲ್ವೋ ಅಂತ ಮೊದಲೇ ಯಾರಿಗೂ ಗೊತ್ತಿರಲ್ಲ. ಡಿಸೆಂಬರ್ ಅಂದ್ರೆ ಸಣ್ಣ ಬೆಳೆಗಾರನ ಜೇಬು ಪೂರ್ತಿ ಖಾಲಿ ಇರೋ ತಿಂಗಳು. ಮಳೆಗಾಲದ ಅಂಗಡಿ ಬಾಕಿ, ಮಕ್ಕಳ ಫೀಸು, ಹುತ್ತರಿ ಸುಗ್ಗಿ ಹಬ್ಬದ ಖರ್ಚು ಎಲ್ಲಾ ಆಗಿ ಉಳಿದಿರೋದು ಸೊನ್ನೆ.

'ಕಾಫಿಗೆ ರೇಟ್ ಇದೆಯಲ್ಲ ಈಗ' ಅಂತ ಕಾಮೆಂಟ್ ಹಾಕೋರು ಇರ್ತಾರೆ. ಇತ್ತು ಸ್ವಾಮಿ, 2024ರಲ್ಲಿ ರೊಬಸ್ಟಾ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 50 ಕೆಜಿ ಮೂಟೆಗೆ 10,000 ದಾಟಿತ್ತು. ಮೂಟೆ ಇದ್ದೋರಿಗೆ ಅದು. ಆಗಸ್ಟಲ್ಲೇ ಸಾಲಕ್ಕೆ ಅಂತ ವ್ಯಾಪಾರಿಗೆ ಮಾತು ಕೊಟ್ಟು ಅಡ್ವಾನ್ಸ್ ತಗೊಂಡೋರಿಗೆ ಯಾವ ರೇಟು?

'ಬಿಪಿಎಲ್ ಕಾರ್ಡಿದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಫ್ರೀ, ಪ್ರೀಮಿಯಂ ಯಾಕೆ ಕಟ್ಟಬೇಕು' ಅಂತಾನೂ ಕೇಳ್ತಾರೆ. ಸರಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು, ಒಂದು ಪೈಸೆ ಪ್ರೀಮಿಯಂ ಇಲ್ಲ, ಅದಕ್ಕೆ ನಾನೂ ಕೈ ಮುಗೀತೀನಿ. ಆದ್ರೆ ಈ ಅಕ್ಕನ ಮಗ ಬೈಕ್ ಲೋನ್‌ಗೆ ಅಂತ ಐಟಿ ರಿಟರ್ನ್ ಹಾಕಿದ್ನಂತೆ, ಅಲ್ಲಿಗೆ ಮನೆ ಕಾರ್ಡು ಎಪಿಎಲ್ ಆಗೋಯ್ತು. ಎಪಿಎಲ್‌ನವರಿಗೆ ಆ ಯೋಜನೇಲಿ ಸಿಗೋದು ಪ್ಯಾಕೇಜ್ ರೇಟಿನ, ಅಂದ್ರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ, ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಉಳಿದ ಎಪ್ಪತ್ತು ಭಾಗ ಎಲ್ಲಿಂದ ತರ್ತಾರೆ? ಇಂಥವರಿಗೆ ಉಳಿದಿರೋ ಗಟ್ಟಿ ದಾರಿ ಅಂದ್ರೆ ಯಶಸ್ವಿನಿ ಒಂದೇ. ಅದೂ ಒಂದು ದಿನಕ್ಕೆ ಹೋಯ್ತು.

ಇದನ್ನ ಇಷ್ಟು ಹಚ್ಚಿಕೊಂಡು ಯಾಕೆ ಬರೀತೀನಿ ಅಂದ್ರೆ, ನಮ್ಮನೇಲಿ ಏನಾಯ್ತು ಅಂತ ನಿಮ್ಮಲ್ಲಿ ಕೆಲವರಿಗೆ ಮಾತ್ರ ಗೊತ್ತು, ಪೂರ್ತಿ ಯಾರಿಗೂ ಹೇಳಿಲ್ಲ. ಅಪ್ಪನ ಹೆಸರಲ್ಲಿ ಪ್ರೈವೇಟ್ ಪಾಲಿಸಿ ಇತ್ತು, ಐದು ವರ್ಷ ತಪ್ಪದೇ ಕಟ್ಟಿದ್ವಿ. ಆರನೇ ವರ್ಷ ಸೆಪ್ಟೆಂಬರಲ್ಲಿ ಅಕೌಂಟಲ್ಲಿ ದುಡ್ಡಿರ್ಲಿಲ್ಲ, ಆಟೋ ಡೆಬಿಟ್ ಬೌನ್ಸ್ ಆಯ್ತು. ಮೆಸೇಜ್ ಬಂದಿತ್ತು. ನಾನೇ ನೋಡಿದ್ದೆ. ವರ್ಷದ ಪ್ರೀಮಿಯಂಗೆ 30 ದಿನ ಗ್ರೇಸ್ ಪೀರಿಯಡ್ ಇರುತ್ತೆ, ಅದರೊಳಗೆ ಕಟ್ಟಿದ್ರೆ ಹಳೇ ವರ್ಷಗಳ ಲೆಕ್ಕ ಹಾಗೇ ಉಳಿಯುತ್ತೆ, ದಾಟಿದ್ರೆ ಹೊಸದಾಗಿ ಶುರು, ಶುಗರ್ ಬಿಪಿ ಥರ ಮೊದಲೇ ಇದ್ದ ಕಾಯಿಲೆಗೆ ಮತ್ತೆ ವರ್ಷಗಟ್ಟಲೆ ಕಾಯಬೇಕು. ಇದೊಂದೂ ನಂಗೆ ಆಗ ಗೊತ್ತಿರ್ಲಿಲ್ಲ. ಕಾಫಿ ದುಡ್ಡು ಬರ್ಲಿ, ಒಟ್ಟಿಗೆ ಕಟ್ಟೋಣ ಅಂತ ಬಿಟ್ಟೆ. ಜನವರಿಯಲ್ಲಿ ಅಪ್ಪನಿಗೆ ಎದೆ ನೋವು ಬಂತು, ಮೈಸೂರಿಗೆ ಕರ್ಕೊಂಡು ಓಡಿದ್ವಿ, ಪಾಲಿಸಿ ಲ್ಯಾಪ್ಸ್ ಅಂದ್ರು. ಅವ್ವನ ಕೊಕ್ಕೆತಾತಿ, ನಮ್ಮ ಕಡೆಯ ಚಿನ್ನದ ಕೊರಳ ಸರ, ಅಡವಿಟ್ಟು ಬಿಲ್ ಕಟ್ಟಿದ್ದು. ಅಪ್ಪ ಉಳಿದ್ರು. ಕೊಕ್ಕೆತಾತಿ ಇನ್ನೂ ಬಿಡಿಸಿಲ್ಲ. ಪ್ರತಿ ಹುತ್ತರಿಗೆ ಅವ್ವ ಬರೀ ಕೊರಳಲ್ಲಿ ನಿಂತಿರೋದು ನೋಡಿದಾಗ ಆ ಮೆಸೇಜ್ ನೆನಪಾಗುತ್ತೆ ನಂಗೆ. ಹಾಗಾಗಿ ಪ್ರೀಮಿಯಂ ತಪ್ಪಿಸಿದೋರು ಬೇಜವಾಬ್ದಾರಿಗಳು ಅಂತ ಯಾರಾದ್ರೂ ಅಂದ್ರೆ ನಂಗೆ ತಡ್ಕೊಳ್ಳೋಕಾಗಲ್ಲ.

ಸೊಸೈಟಿಯಲ್ಲೇ ಒಬ್ರು ಹಿರಿಯರು ನಂಗೆ ಸಮಾಧಾನವಾಗಿ ಹೇಳಿದ್ರು, 'ನೋಡಪ್ಪ, ಕಾಯಿಲೆ ಬಂದ ಮೇಲೆ ಕಟ್ತೀನಿ ಅಂದ್ರೆ ವಿಮೆ ನಡೆಯಲ್ಲ, ಎಲ್ರೂ ಮೊದಲೇ ಕಟ್ಟಿದ್ರೆ ತಾನೇ ಒಬ್ಬರಿಗೆ ಕೊಡೋಕಾಗೋದು, ಒಂದು ದಿನಾಂಕ ಅಂತ ಬೇಕಲ್ವಾ' ಅಂತ. ಮಾತು ನಿಜ. ಆದ್ರೆ ಈ ಅಕ್ಕ 2022ರಲ್ಲಿ ಯೋಜನೆ ಮತ್ತೆ ಶುರುವಾದಾಗಿಂದ ವರ್ಷಾ ವರ್ಷ ಕಟ್ಟಿದಾರೆ, ಇವತ್ತಿನವರೆಗೆ ಒಂದು ರೂಪಾಯಿ ಬಳಸಿಲ್ಲ. ಅವ್ರ ದುಡ್ಡಲ್ಲೇ ಬೇರೆ ಯಾರದ್ದೋ ಆಪರೇಷನ್ ಆಗಿದೆ. ಅಂಥವರನ್ನ ಒಂದು ದಿನಕ್ಕೆ ಹೊರಗೆ ಹಾಕಿ ವಿಮೆ ಉಳಿಸ್ತೀವಿ ಅನ್ನೋದು ಯಾವ ಲೆಕ್ಕ?

ದಿನಾಂಕ ಸರ್ಕಾರದ್ದು, ಕ್ಲರ್ಕ್ ಏನೂ ಮಾಡೋಕಾಗಲ್ಲ, ಒಪ್ತೀನಿ, ಅವ್ರ ಮೇಲೆ ನಂಗೆ ಸಿಟ್ಟಿಲ್ಲ. ಸಿಟ್ಟು ನಮ್ಮ ಮೇಲೆ, ಸದಸ್ಯರ ಮೇಲೆ. ಶೂನ್ಯ ಬಡ್ಡಿಯಲ್ಲಿ 5 ಲಕ್ಷದವರೆಗೆ ಬೆಳೆ ಸಾಲ ಕೊಡೋ ವ್ಯವಸ್ಥೆ ಇದು. ಸದಸ್ಯ ತೀರಿಕೊಂಡ್ರೆ ಮನೆಯವರಿಗೆ ಕೊಡೋಕೆ ಮರಣ ನಿಧಿ ಇದೆ. ಬದುಕಿರುವಾಗ 600 ರೂಪಾಯಿ ಎರಡು ತಿಂಗಳಿಗೆ ಮುಂಗಡ ಹಾಕಿ, ಮಾರ್ಚಲ್ಲಿ ಅವ್ರ ಖಾತೆಯಿಂದ ಮುರ್ಕೊಳ್ಳೋಕೆ ಯಾಕೆ ಆಗಲ್ಲ? ಇನ್ನೂರು ಮನೆಗೆ 600ರಂತೆ ಕಟ್ಟಿದ್ರೂ 1,20,000 ರೂಪಾಯಿ. ಮಹಾಸಭೆ ದಿನದ ಊಟ, ಶಾಮಿಯಾನ, ಸನ್ಮಾನದ ಶಾಲು ಹಾರ ಎಲ್ಲಾ ಸೇರಿಸಿ ನೋಡಿ, ನಾವು ಯಾವುದಕ್ಕೆ ಎಷ್ಟು ಖರ್ಚು ಮಾಡ್ತೀವಿ ಅಂತ. ಮುಂದಿನ ಸೆಪ್ಟೆಂಬರ್ ಮಹಾಸಭೇಲಿ ನಾನು ಎದ್ದು ನಿಂತು ಇದನ್ನ ಕೇಳ್ತೀನಿ, ನನ್ನ ಜೊತೆ ಕೈ ಎತ್ತೋರು ಈಗಲೇ ಹೇಳಿ.

ಇನ್ನೊಂದು ಮಾತು. ಪರಿಶಿಷ್ಟ ಜಾತಿ ಪಂಗಡದ ಸದಸ್ಯರ ಯಶಸ್ವಿನಿ ಪ್ರೀಮಿಯಂ ಸರ್ಕಾರವೇ ಕಟ್ಟುತ್ತೆ, ಜಾತಿ ಸರ್ಟಿಫಿಕೇಟ್ ಕೊಟ್ರೆ ಸಾಕು. ನಿಮ್ಮ ತೋಟದ ಲೈನ್ ಮನೇಲಿರೋ ಎಷ್ಟು ಜನ ಕೆಲಸಗಾರರಿಗೆ ಇದು ಗೊತ್ತು, ಅವ್ರಲ್ಲಿ ಎಷ್ಟು ಜನ ಸಂಘದ ಸದಸ್ಯರು? ಇವತ್ತು ಸಾಯಂಕಾಲವೇ ಕೇಳಿ ನೋಡಿ.

ದಿನಾಂಕ ಮುಂದೆ ಹೋದ್ರೆ ತಿಳಿಸ್ತೀವಿ ಅಂದ್ರು ಸೊಸೈಟಿಯವರು, ಅಂದ್ರೆ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ಅಕ್ಕ ನೋಟೆಲ್ಲ ಮತ್ತೆ ಅದೇ ಕವರಲ್ಲಿ ಸುತ್ಕೊಂಡು, 'ಇದು ಖರ್ಚಾಗದ ಹಾಗೆ ಇಟ್ಟಿರ್ತೀನಿ, ನೀನು ಫೋನ್ ಮಾಡು ಮಗಾ' ಅಂತ ಹೇಳಿ ಬಸ್ಸಿಗೆ ಹೋದ್ರು. ಅವ್ರ ನಂಬರ್ ಬರ್ಕೊಂಡಿದೀನಿ. ವಿಸ್ತರಣೆ ಆದೇಶ ಯಾರ ಗ್ರೂಪಿಗೆ ಬಂದ್ರೂ ನಂಗೊಂದು ಫಾರ್ವರ್ಡ್ ಮಾಡಿ, ರಾತ್ರಿ ಎಷ್ಟೊತ್ತಾದ್ರೂ ಸರಿ.