ಆ ಡಾಕ್ಟರ್ ಕೇಳಿದ್ದು ಚಪ್ಪಲಿ ಬಗ್ಗೆ

ನಮ್ಮ ಚಿಕ್ಕಮ್ಮನಿಗೆ ಎರಡು ವರ್ಷದಿಂದ ಸುಸ್ತು. ತೋಟದಿಂದ ಹುಲ್ಲಿನ ಹೊರೆ ತಂದು ಹಾಕಿದರೆ ಜಗಲಿಯಲ್ಲಿ ಕೂತುಬಿಡುತ್ತಿದ್ದರು, ಮಾತಾಡಲೂ ಉಸಿರು ಸಾಲುತ್ತಿರಲಿಲ್ಲ. ಹಿಮೋಗ್ಲೋಬಿನ್ ಬರೀ 6. ಕಬ್ಬಿಣದ ಮಾತ್ರೆ ತಗೊಂಡರೆ ಸ್ವಲ್ಪ ಏರುವುದು, ಬಿಟ್ಟರೆ ಮತ್ತೆ ಇಳಿಯುವುದು. "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಅಂದವರೇ ಜಾಸ್ತಿ.

ಕೊನೆಗೆ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರ್ ಒಬ್ಬರು ಕೇಳಿದರು, "ತೋಟಕ್ಕೆ ಚಪ್ಪಲಿ ಹಾಕ್ಕೊಂಡು ಹೋಗ್ತೀರಾ ಅಮ್ಮಾ?" ಮಲ ಪರೀಕ್ಷೆ ಮಾಡಿಸಿದರು. ಕೊಕ್ಕೆಹುಳು.

ಬೆಲ್ಲ ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಹುಳ ಆಗುತ್ತೆ ಅಂತಲೇ ಕೇಳಿಕೊಂಡು ಬೆಳೆದವರು ನಾವು. ಬೆಲ್ಲಕ್ಕೂ ಹುಳಕ್ಕೂ ಸಂಬಂಧವೇ ಇಲ್ಲ. ಈ ಹುಳ ಹೆಚ್ಚಾಗಿ ಬರುವುದು ಬರಿಗಾಲಿನಿಂದ. ಹುಳ ಇರುವವರು ಬಯಲು ಕಡೆಗೆ ಹೋದಾಗ ಮೊಟ್ಟೆ ಮಣ್ಣಿಗೆ ಸೇರುತ್ತದೆ. ನೆರಳು, ತೇವ, ಬೆಚ್ಚಗಿನ ಮಣ್ಣು ಇದ್ದರೆ ಒಂದೆರಡು ದಿನದಲ್ಲಿ ಮರಿಯಾಗುತ್ತದೆ. ವಾರ, ಹತ್ತು ದಿನದಲ್ಲಿ ಅದಕ್ಕೆ ನಮ್ಮ ಚರ್ಮ ತೂರುವ ಶಕ್ತಿ ಬರುತ್ತದೆ. ಬೆರಳ ಸಂದಿಯಲ್ಲಿ ಒಂದಿಷ್ಟು ತುರಿಕೆ, ಅಷ್ಟೇ ಗೊತ್ತಾಗುವುದು. ಆಮೇಲೆ ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ನಾವೇ ನುಂಗಿ, ಸಣ್ಣಕರುಳು ಸೇರುತ್ತದೆ. ಒಂದು ಸೆಂಟಿಮೀಟರ್ ಉದ್ದದ ಹುಳ, ಅಲ್ಲೇ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತದೆ. ಇನ್ನು ಕಬ್ಬಿಣದ ಮಾತ್ರೆ ಒಂದೇ ಎಷ್ಟು ದಿನ ತಡೆದೀತು?

ಫೆಬ್ರವರಿ 10, ಆಗಸ್ಟ್ 10ಕ್ಕೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಅನ್ನುವ ಹುಳದ ಮಾತ್ರೆ ಕೊಡುತ್ತಾರಲ್ಲ, 1ರಿಂದ 19 ವರ್ಷದವರಿಗೆ, ಅದು ನಿಜಕ್ಕೂ ಒಳ್ಳೆಯ ಕೆಲಸ. ಕೆಲವು ಮಕ್ಕಳಿಗೆ ಹೊಟ್ಟೆನೋವು, ವಾಕರಿಕೆ ಬರಬಹುದು, ಸಾಮಾನ್ಯವಾಗಿ ಬೇಗ ಹೋಗುತ್ತದೆ. ಅದಕ್ಕೆ ಹೆದರಿ ಆವತ್ತು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ, ದಯವಿಟ್ಟು.

ಆದರೆ ಚಿಕ್ಕಮ್ಮನ ವಯಸ್ಸಿನವರನ್ನು ಕೇಳುವವರು ಯಾರು? ಹೊಟ್ಟೆಯೊಳಗಿದ್ದ ಹುಳವನ್ನು ಮಾತ್ರೆ ಸಾಯಿಸುತ್ತದೆ, ಮಾರನೇ ದಿನ ಅದೇ ಮಣ್ಣಲ್ಲಿ ಬರಿಗಾಲಲ್ಲಿ ನಿಂತರೆ ಮತ್ತೆ ಶುರು. ಕೆಲಸದವರಿಗೆ ಕತ್ತಿ, ಬುಟ್ಟಿ ಕೊಡುವ ತೋಟದ ಯಜಮಾನರು ಗಮ್‌ಬೂಟನ್ನೂ ಕೊಡಬೇಕು, ಹತ್ತಿರದಲ್ಲೇ ಒಂದು ಶೌಚಾಲಯ ಕಟ್ಟಿಸಬೇಕು. ಇದು ದಾನ ಅಲ್ಲ, ಕೆಲಸ ಮಾಡಿಸಿಕೊಳ್ಳುವವರ ಹೊಣೆ. ಈ ಮಾತು ನಮ್ಮ ಮನೆಗೂ ಸೇರಿಯೇ ಹೇಳುತ್ತಿದ್ದೇನೆ.

ಹುಳದ ಮಾತ್ರೆ, ಜೊತೆಗೆ ಕಬ್ಬಿಣದಂಶ ಸಿಕ್ಕಿ ನಾಲ್ಕು ತಿಂಗಳಲ್ಲಿ ಚಿಕ್ಕಮ್ಮನ ಹಿಮೋಗ್ಲೋಬಿನ್ 11 ದಾಟಿತು. ಜಗಲಿಯ ಮೂಲೆಯಲ್ಲಿ ಈಗ ಅವರ ಬೂಟಿದೆ. ಅವರ ಜೊತೆ ಕಳೆ ಕೀಳಲು ಬರುವ ಮೂವರ ಕಾಲಿನ ಅಳತೆ ಮೊನ್ನೆ ಕೇಳಿ ಬರೆದುಕೊಂಡೆ: 5, 6, 6. ಭಾನುವಾರ ಪೇಟೆಗೆ ಹೋಗುತ್ತಿದ್ದೇನೆ.