ಕೈಯಿಂದ ಹಾಕಿದ ದುಡ್ಡು

ಇವತ್ತು ಬೆಳಿಗ್ಗೆ ಬೆಳಗಾವಿಯ ನನ್ನ ಝೆರಾಕ್ಸ್ ಅಂಗಡಿಯ ಶಟರ್ ಎತ್ತಿ ಇನ್ನೂ ಊದಿನಕಡ್ಡಿ ಹಚ್ಚಿರಲಿಲ್ಲ, ಒಬ್ಬ ಟೀಚರ್ ಬಂದು ನಿಂತರು. ಹೊರಗೆ ಅವರ ಸ್ಕೂಟಿ. ಕಾಲಿಡುವ ಜಾಗದಲ್ಲಿ ನಾಲ್ಕು ಟ್ರೇ ಮೊಟ್ಟೆ, ಒಂದರ ಮೇಲೊಂದು, ಹಳೇ ಓಢಣಿಯಿಂದ ಬಿಗಿದು ಕಟ್ಟಿದ್ದು. ಅವರಿಗೆ ಕನ್ನಡ ಪ್ರಶ್ನೆಪತ್ರಿಕೆ ಬೇಕಿತ್ತು. ಎರಡೂ ಬದಿ, ಮೂವತ್ತೆಂಟು ಪ್ರತಿ. ಮಷಿನ್ ಬಿಸಿಯಾಗುವವರೆಗೂ ಅವರ ಕಣ್ಣು ಮೊಟ್ಟೆ ಮೇಲೇ. ಯಾವನಾದರೂ ಬೈಕ್ ಹಿಂದಕ್ಕೆ ತೆಗೆದರೆ ಮುಗೀತು ಕತೆ.

ಆಧಾರ್ ಝೆರಾಕ್ಸ್‌ಗೆ ಬಂದಿದ್ದ ಒಬ್ಬ ಮಹಾಶಯರು ಸುಮ್ನೆ ನಿಲ್ಲಲಾರದೆ ಬಾಯಿ ಬಿಟ್ಟರು. "ನಿಮ್ದ ಆರಾಮ ಬಿಡ್ರಿ ಟೀಚರ್. ಹತ್ತಕ್ಕ ಹೋಗೂದು, ನಾಕೂವರಿಗೆ ಮನಿ. ಮ್ಯಾಲ ಅಧಿವೇಶನ ಬಂತಂದ್ರ ಪೆಂಡಾಲ್ ಹಾಕ್ಕೊಂಡು ಪಗಾರ ಸಾಲವಲ್ದು ಅಂತ ಕೂಡೂದು."

ಟೀಚರ್ ನಕ್ಕು ಸುಮ್ಮನಾದರು. ನನಗೆ ಮೈಯೆಲ್ಲ ಉರಿಯಿತು. ಯಾಕೆ ಅಂತ ಹೇಳುತ್ತೇನೆ. ಈ ಝೆರಾಕ್ಸ್ ಅಂಗಡಿ ಹಾಕುವ ಮೊದಲು ಏಳು ವರ್ಷ ಚಾಕ್ ಹಿಡಿದವನು ನಾನು. ಆ ಕತೆ ಆಮೇಲೆ ಬರುತ್ತದೆ.

ಪ್ರತಿಗಳನ್ನು ಎಣಿಸಿ ಕೊಡುತ್ತಾ ಕೇಳಿದೆ, "ಬಿಲ್ ಬೇಕೇನ್ರಿ ಟೀಚರ್?"

"ಬಿಲ್ ತಗೊಂಡು ಯಾರಿಗೆ ಕೊಡ್ಲಿ ಅಣ್ಣಾ? ಕೈಲಿಂದನ ಹಾಕೂದು."

ಕೈಲಿಂದನ ಹಾಕೂದು. ಈ ಮಾತನ್ನು ನಾನು ನನ್ನ ಕೌಂಟರ್ ಮುಂದೆ ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಪ್ರಶ್ನೆಪತ್ರಿಕೆಗೆ ಕೈಯಿಂದ. ಚಾರ್ಟ್ ಪೇಪರ್‌ಗೆ ಕೈಯಿಂದ. ಯಾರೋ ಮೇಲಿನವರು ಸಂಜೆ ಐದಕ್ಕೆ ವಾಟ್ಸಾಪ್‌ನಲ್ಲಿ ಕೇಳಿದ ಮಾಹಿತಿಯ ಪ್ರಿಂಟ್‌ಔಟ್‌ಗೂ ಕೈಯಿಂದ. ಬೇರೆ ಯಾವ ನೌಕರಿಯಲ್ಲಿ ಹೀಗಿದೆ ಹೇಳಿ? ಬ್ಯಾಂಕಿನ ಕ್ಯಾಷಿಯರ್ ಮನೆಯಿಂದ ರಬ್ಬರ್ ಬ್ಯಾಂಡ್ ತರುತ್ತಾನಾ? ಬಸ್ ಡ್ರೈವರ್ ಜೇಬಿನಿಂದ ಡೀಸೆಲ್ ಹಾಕಿಸುತ್ತಾನಾ?

ಆ ಮೊಟ್ಟೆ ಲೆಕ್ಕ ಕೇಳಿ ಸ್ವಲ್ಪ. 2024ರಿಂದ ಶಾಲೆಯಲ್ಲಿ ವಾರಕ್ಕೆ ಆರು ದಿನ ಮೊಟ್ಟೆ. ಒಳ್ಳೆ ಕೆಲಸ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಸರ್ಕಾರ ಒಂದು ಮೊಟ್ಟೆಗೆ ಇಟ್ಟಿದ್ದು 6 ರೂಪಾಯಿ. ಕೊಳ್ಳುವುದು, ತರುವುದು, ಬೇಯಿಸುವುದು, ಸಿಪ್ಪೆ ಸುಲಿಯುವುದು, ಎಲ್ಲ ಅದರಲ್ಲೇ ಆಗಬೇಕು. ಚಳಿ ಬಿದ್ದರೆ ಮೊಟ್ಟೆ ರೇಟ್ ಏರುತ್ತದೆ ಅಂತ ನಮ್ಮ ಗಲ್ಲಿಯ ಎಗ್‌ರೈಸ್ ಗಾಡಿಯವನಿಗೂ ಗೊತ್ತು. ಟೀಚರ್ ಇವತ್ತು ಒಂದಕ್ಕೆ 7 ರೂಪಾಯಿ ಕೊಟ್ಟು ತಂದಿದ್ದಾರೆ. 120 ಮೊಟ್ಟೆ. ದಿನಕ್ಕೆ 120 ರೂಪಾಯಿ ಕಡಿಮೆ ಬಿತ್ತು. ತಿಂಗಳಿಗೆ 25 ದಿನ ಹಿಡಿದರೆ 3,000. ಗ್ಯಾಸಿನ ಖರ್ಚು, ಸಾಗಣೆ ಇನ್ನೂ ಬೇರೆ. ಒಡೆದದ್ದು ಯಾರ ಲೆಕ್ಕ? ದಾರಿಯಲ್ಲಿ ಹಂಪ್ ಬಂದರೆ ಅದೂ ಟೀಚರ್ ಲೆಕ್ಕ.

"ಹೆಂಗ ಹೊಂದಸ್ತೀರಿ?" ಅಂದೆ.

"ಹೆಡ್‌ಮಾಸ್ತರ್ರು ಅರ್ಧ ಹಾಕ್ತಾರ್ರಿ. ಉಳಿದದ್ದಕ್ಕ ಸ್ಟಾಫ್‌ನ್ಯಾಗ ಪಟ್ಟಿ ಹಾಕ್ತೀವಿ."

ಗಣಪತಿ ಕೂರಿಸಲು ಪಟ್ಟಿ ಹಾಕುವುದು ಕೇಳಿದ್ದೇವೆ. ಸರ್ಕಾರದ ಬಿಸಿಯೂಟಕ್ಕೆ ಪಟ್ಟಿ!

ಇಷ್ಟಕ್ಕೂ ಈ ಟೀಚರ್ ಖಾಯಂ ಅಲ್ಲ. ಅತಿಥಿ ಶಿಕ್ಷಕಿ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಮೊದಲು 10,000 ಇತ್ತು, 2025ರ ಬಜೆಟ್‌ನಲ್ಲಿ 2,000 ಏರಿಸಿ 12,000 ಮಾಡಿದರು. ಅದಕ್ಕೆ ಸಂಬಳ ಅನ್ನುವಂತಿಲ್ಲ, ಗೌರವಧನ ಅನ್ನಬೇಕು. ಏಳನೇ ವೇತನ ಆಯೋಗದ ನಂತರ ರಾಜ್ಯ ಸರ್ಕಾರಿ ನೌಕರಿಯ ಅತೀ ಕಡಿಮೆ ಮೂಲ ವೇತನವೇ 27,000. ಅದರ ಅರ್ಧಕ್ಕಿಂತ ಕಡಿಮೆ ಇದು. ಏಪ್ರಿಲ್ ಬಂದರೆ ಅದೂ ನಿಂತಿತು. ಬೇಸಿಗೆ ರಜೆಯಲ್ಲಿ ಅವರು ಗಾಳಿ ಕುಡಿದು ಬದುಕುತ್ತಾರೆ ಅಂತ ಯಾರೋ ಲೆಕ್ಕ ಹಾಕಿರಬೇಕು.

ಇನ್ನೂ ಒಂದು ಮಾತಿದೆ, ಬೆಳಗಾವಿಯವನಾಗಿ ಹೇಳಲೇಬೇಕು. ಇವರು ಕಲಿಸುವುದು ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ, ಕನ್ನಡ ವಿಷಯ. ಪ್ರಶ್ನೆಪತ್ರಿಕೆಯ ಮೊದಲ ಪ್ರಶ್ನೆ ಚಿತ್ರ ನೋಡಿ ಹೆಸರು ಬರೆಯುವುದು. ಹಸುವಿನ ಚಿತ್ರವನ್ನು ಟೀಚರ್ ಕೈಯಾರೆ ಬಿಡಿಸಿದ್ದರು. ಅದರ ಕೆಳಗೆ 'ಆಕಳು' ಅಂತ ಬರೆದರೂ 'ಹಸು' ಅಂತ ಬರೆದರೂ ಪೂರ್ತಿ ಅಂಕವಂತೆ. ಮನೆಯಲ್ಲಿ ಮರಾಠಿ, ಗಲ್ಲಿಯಲ್ಲಿ ಮರಾಠಿ, ಅಂಥ ಮಕ್ಕಳ ಬಾಯಲ್ಲಿ ಕನ್ನಡ ಹೊರಡಿಸುವ ಕೆಲಸ. ಹಲಗಾ ಹತ್ತಿರ ಸುವರ್ಣ ವಿಧಾನಸೌಧ ಉದ್ಘಾಟನೆಯಾಗಿದ್ದು 2012ರಲ್ಲಿ. ಅಂದಿನಿಂದ ಅಧಿವೇಶನ ಅಂದರೆ ಗಡಿ, ನುಡಿ ಅಂತ ಭಾಷಣ ಇದ್ದೇ ಇದೆ. ನವೆಂಬರ್ 1ಕ್ಕೆ ಚನ್ನಮ್ಮ ಸರ್ಕಲ್‌ನಲ್ಲಿ ಡಿಜೆ ಸದ್ದಿಗೆ ಕಿಟಕಿ ಗಾಜು ನಡುಗುತ್ತವೆ. ನಾನೂ ಕುಣಿದವನೇ, ಇಲ್ಲ ಅನ್ನಲ್ಲ. ಆದರೆ ಗಡಿಯಲ್ಲಿ ನಿಜವಾಗಿ ಕನ್ನಡ ಕಲಿಸುವವರಿಗೆ 12,000, ಅದರಲ್ಲೂ ಪ್ರಶ್ನೆಪತ್ರಿಕೆ ಅವರ ಖರ್ಚು.

ಗೊತ್ತು, ಈಗ ಒಬ್ಬರು ಬರುತ್ತಾರೆ. "ಶಾಲಾ ಅನುದಾನ ಅಂತ ಬರುತ್ತಲ್ರೀ?" ಬರುತ್ತದೆ ಸ್ವಾಮಿ. ಮಕ್ಕಳ ಸಂಖ್ಯೆ 100 ದಾಟಿ 250ರ ಒಳಗಿದ್ದರೆ ವರ್ಷಕ್ಕೆ 50,000. ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ. ಫಿನೈಲ್, ಕಸಬರಿಗೆ, ಒಡೆದ ನಲ್ಲಿ, ಚಾಕ್, ರಿಜಿಸ್ಟರ್, ಎಲ್ಲಾ ಅದರಲ್ಲೇ. ನಿಮ್ಮ ಮನೆಯ ಕೇಬಲ್, ಹಾಲು, ಪೇಪರ್‌ಗೆ ಎಷ್ಟಾಗುತ್ತದೆ ನೋಡಿಕೊಳ್ಳಿ.

ಇನ್ನೊಬ್ಬರು "ಖಾಯಂ ಟೀಚರ್‌ಗಳಿಗೆ ಭರ್ತಿ ಸಂಬಳ ಇದೆಯಲ್ಲ" ಅನ್ನುತ್ತಾರೆ. ಇದೆ. 2024ರ ಆಗಸ್ಟ್‌ನಿಂದ ಏರಿತು, ಒಳ್ಳೆಯದೇ ಆಯಿತು. ಆದರೆ 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ. ಅದಿರಲಿ, ಪಗಾರ ಚೆನ್ನಾಗಿದೆ ಅಂತ ಶಾಲೆಯ ಮೊಟ್ಟೆ ಅವರೇ ಕೊಳ್ಳಬೇಕಾ? 2025ರ ದಸರಾ ರಜೆ ಏನಾಯಿತು ನೆನಪಿದೆಯಲ್ಲ? ಸೆಪ್ಟೆಂಬರ್ 22ರಿಂದ ಟೀಚರ್‌ಗಳಿಗೆ ಮನೆ ಮನೆ ಜಾತಿ ಸಮೀಕ್ಷೆ, ಮುಗಿಯಲಿಲ್ಲ ಅಂತ ಅಕ್ಟೋಬರ್ 18ರವರೆಗೆ ಶಾಲೆಗೇ ರಜೆ. ಗೌರವಧನ ಕೊಟ್ಟರು, ನಿಜ. ಆದರೆ ಮೊಬೈಲ್ ಟೀಚರ್‌ದು, ನೆಟ್ ಪ್ಯಾಕ್ ಟೀಚರ್‌ದು, ಆ್ಯಪ್ ತೆರೆಯದಿದ್ದರೆ ಬೈಗುಳವೂ ಟೀಚರ್‌ಗೇ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಏನು ಹೇಳುತ್ತದೆ ಗೊತ್ತಾ? ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಈ ಮೂರು ಬಿಟ್ಟು ಟೀಚರ್‌ಗಳನ್ನು ಬೇರೆ ಕೆಲಸಕ್ಕೆ ಎಳೆಯಬಾರದು. ಆ ಕಲಂ ಪ್ರತಿ ನನ್ನ ಅಂಗಡಿಯಲ್ಲಿದೆ, ಬೇಕಿದ್ದರೆ ಬನ್ನಿ, ಝೆರಾಕ್ಸ್ ಫ್ರೀ.

ಇನ್ನು ನನ್ನ ಕತೆ. ಸರ್ಕಾರಿಯವರು ಕೈಯಿಂದ ಹಾಕಿದರೆ, ನಾನು ಕೈಗೆ ಬಂದದ್ದನ್ನು ವಾಪಸ್ ಕೊಟ್ಟವನು. ಈ ಊರಿನ ಒಂದು ಖಾಸಗಿ ಶಾಲೆ, ಹೆಸರು ಬೇಡ. ಪಾಸ್‌ಬುಕ್‌ನಲ್ಲಿ ತಿಂಗಳಿಗೆ 15,000 ಜಮಾ. ಪ್ರತಿ 5ನೇ ತಾರೀಖು ಎಟಿಎಂನಿಂದ 7,000 ತೆಗೆದು, ಕಂದು ಲಕೋಟೆಯಲ್ಲಿ ಹಾಕಿ, ಆಫೀಸಿನ ಕ್ಲರ್ಕ್ ಡ್ರಾಯರ್‌ಗೆ. ಲಕೋಟೆಯೂ ನಾವೇ ತರಬೇಕಿತ್ತು. ಒಂದು ಸಲ ಗಣಿತದ ಟೀಚರ್ ಕೊಡಲ್ಲ ಅಂದರು. ಸ್ಟಾಫ್ ರೂಮಿನಲ್ಲಿ ಎದ್ದು ನಿಂತು "ಯಾರ್‍ಯಾರು ನನ್ನ ಕೂಡ ಬರ್ತೀರಿ?" ಅಂದರು. ಹದಿನೆಂಟು ಜನ ಇದ್ದೆವು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಸುಳ್ಳು, ತಿದ್ದಿ ಮುಗಿದಿತ್ತು, ಸುಮ್ನೆ ಹಾಳೆ ತಿರುಗಿಸುತ್ತಿದ್ದೆ. ಮುಂದಿನ ಜೂನ್‌ನಲ್ಲಿ ಆ ಟೀಚರ್ ಇರಲಿಲ್ಲ.

ಲೇಬರ್ ಕೋರ್ಟಿಗೆ ಹೋಗಬಹುದಿತ್ತು ಅನ್ನಬೇಡಿ. ನಮ್ಮ ಪಕ್ಕದ ಗೋವಾದ ಒಬ್ಬ ಟೀಚರ್ ಹಾಗೇ ಹೋರಾಡಿ ಸುಪ್ರೀಂ ಕೋರ್ಟ್ ತನಕ ಹೋಗಿದ್ದರು. 1988ರಲ್ಲಿ ತೀರ್ಪು ಬಂತು: ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಶಿಕ್ಷಕರು ಕಾರ್ಮಿಕರಲ್ಲ. ಕಾರ್ಮಿಕರಲ್ಲದಿದ್ದರೆ ನಾವೇನು? ಸೆಪ್ಟೆಂಬರ್ 5ಕ್ಕೆ ಶಾಲು, ಹಣ್ಣು, ಗುರುಬ್ರಹ್ಮ. ಕೆಲಸ ಬಿಟ್ಟಾಗ ಸಿಗುವ ಇಡುಗಂಟು, ಗ್ರಾಚ್ಯುಟಿ, ಅದು ಮಾತ್ರ ಖಾಸಗಿ ಶಾಲೆಯವರಿಗೂ ಇದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಐದು ವರ್ಷ ದುಡಿದಿದ್ದರೆ ಸಾಕು. ನನ್ನದು ಏಳು. ಅರ್ಜಿ ಇನ್ನೂ ಹಾಕಿಲ್ಲ. ಬೇರೆಯವರ ಪರವಾಗಿ ಇಷ್ಟುದ್ದ ಬರೆಯುವವನಿಗೆ ತನ್ನ ಅರ್ಜಿ ಬರೆಯಲು ಕೈ ಬರಲ್ಲ, ನೋಡಿ.

ಇವತ್ತಿನದು 114 ರೂಪಾಯಿ ಆಗಿತ್ತು. 14 ಬಿಟ್ಟೆ. ದಾನಶೂರ ಕರ್ಣ ಅಲ್ವಾ ನಾನು! ಬೇಡ ಅಂದರೂ ಬಿಲ್ ಹರಿದು ಕೊಟ್ಟೆ. "ಯಾರ ಹೆಸರಿಗೆ ಬರೀಲಿ?" ಅಂತ ಕೇಳಿದ್ದಕ್ಕೆ ಟೀಚರ್ ಸ್ವಲ್ಪ ಯೋಚಿಸಿ, "ಹೆಸರ ಖಾಲಿ ಬಿಡ್ರಿ ಅಣ್ಣಾ, ಯಾವಾಗರ ಗ್ರಾಂಟ್ ಬಂದ್ರ ಬರಕೋತೀನಿ" ಅಂದರು. ಬಿಲ್ ಮಡಚಿ ಪರ್ಸಿಗೆ ಹಾಕಿಕೊಂಡರು. ಪರ್ಸ್ ಆಗಲೇ ಅಂಥ ಚೀಟಿಗಳಿಂದ ಉಬ್ಬಿ ಜಿಪ್ ಹತ್ತುತ್ತಿರಲಿಲ್ಲ.

ಆಧಾರ್ ಮಹಾಶಯರಿಗೆ ಎರಡು ಪ್ರತಿಗೆ ಹತ್ತು ರೂಪಾಯಿ ತಗೊಂಡೆ. ರೇಟ್ ಬೋರ್ಡ್‌ನಲ್ಲಿ ನಾಲ್ಕು ಅಂತ ಇದೆ. ಅವರು ಬೋರ್ಡ್ ಓದಲಿಲ್ಲ, ನಾನೂ ಹೇಳಲಿಲ್ಲ.